‘ಕ್ವಾಲಿಟಿ ಇಳಿಸೋದೇ ತಾನೇ ಸರ್?’

ವ್ಯಾಲ್ಯೂ ಅನಾಲಿಸಿಸ್ ಅಂದರೆ ವಸ್ತುವಿನ ಒಂದೊಂದು ಭಾಗದ ಕೆಲಸ ನೋಡಿ, ಆ ಕೆಲಸ ಕೆಡದಂತೆ ಬೇಡದ ಖರ್ಚು ತೆಗೆಯುವ ವಿಧಾನ. ಅದರ ಮಾತೆತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಕೇಳಿದ್ದೇನೆ, ಕಾಲೇಜು ಹುಡುಗರಿಂದ ಕೇಳಿದ್ದೇನೆ, ಪರ್ಚೇಸ್‌ನವರೂ ಕೇಳುತ್ತಾರೆ: ‘ಕೊನೆಗೆ ಅಗ್ಗದ ಮಾಲು ಹಾಕಿ ಕ್ವಾಲಿಟಿ ಇಳಿಸೋದೇ ತಾನೇ ಸರ್?’

ಖಂಡಿತ ಅಲ್ಲ. ಎಲ್ಲಿ ಅಗ್ಗವಾಗಿ ಸಿಗುತ್ತದೆ ಎನ್ನುವುದು ಆಮೇಲಿನ ಮಾತು. ಈ ಪಾರ್ಟ್ ಮಾಡುವ ಕೆಲಸವೇನು ಎಂದು ಮೊದಲು ಕೇಳಬೇಕು.

ಈ ವಿಧಾನ ಹುಟ್ಟಿದ್ದೇ ಹಾಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಾರೆನ್ಸ್ ಮೈಲ್ಸ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಖರೀದಿ ಕೆಲಸ ನೋಡುತ್ತಿದ್ದರು. ಕೇಳಿದ ಸಾಮಾನು ಸಿಗುತ್ತಿರಲಿಲ್ಲ. ಸಾಮಾನು ಸಿಗದಿದ್ದರೆ ಬೇಡ, ಅದು ಮಾಡುವ ಕೆಲಸ ಬೇರೆ ಯಾವುದರಿಂದ ಆದೀತು ಎಂದು ಹುಡುಕತೊಡಗಿದರು. ಹಾಗೆ ಸಿಕ್ಕ ಬದಲಿಗಳು ಎಷ್ಟೋ ಸಲ ಅಗ್ಗವೂ ಆಗಿದ್ದವು, ಚೆನ್ನಾಗಿಯೂ ಇದ್ದವು. 1947ರಲ್ಲಿ ಅದನ್ನೇ ಪದ್ಧತಿಯಾಗಿ ಬೆಳೆಸಿದರು. ಒಂದು ನಾಮಪದ, ಒಂದು ಕ್ರಿಯಾಪದ, ಎರಡೇ ಮಾತಿನಲ್ಲಿ ಪಾರ್ಟ್‌ನ ಕೆಲಸ ಹೇಳಬೇಕು: ‘ನೀರು ತಡೆ’, ‘ಕರೆಂಟು ಹರಿಸು’, ‘ಭಾರ ಹೊರು’.

ನಾವು ಮಾಡುತ್ತಿದ್ದ ಪಂಪ್ ಕಂಟ್ರೋಲ್ ಬಾಕ್ಸ್‌ನೊಳಗೆ ಎರಡು ಪ್ಲೇಟ್‌ಗಳ ನಡುವೆ ನಾಲ್ಕು ಸ್ಪೇಸರ್‌ಗಳಿದ್ದವು. ಡ್ರಾಯಿಂಗ್‌ನಲ್ಲಿ ಹೊರವ್ಯಾಸಕ್ಕೆ ±0.02 ಮಿ.ಮೀ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಮ್ಮಿ), ಅದರ ಮೇಲೆ ಗ್ರೈಂಡಿಂಗ್ ಬೇರೆ. ಲೇತ್ ಮುಂದೆ ನಿಂತಿದ್ದ ಹಿರಿಯರೊಬ್ಬರು ಒಂದನ್ನು ಬೆರಳಲ್ಲಿ ಹೊರಳಿಸುತ್ತಾ, ‘ಇದರ ಹೊರಮೈಗೆ ಏನೂ ತಾಗಲ್ಲವಲ್ಲ ಸರ್, ಕನ್ನಡಿ ಥರ ಯಾಕೆ ಉಜ್ಜಬೇಕು?’ ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ಹಳೇ ಫೈಲ್ ತೆಗೆಸಿದಾಗ ಗೊತ್ತಾಯಿತು, ಹೊರಮೈ ನಿಖರವಾಗಿ ಕೂರಬೇಕಾದ ಯಾವುದೋ ಬೇರಿಂಗ್ ಬುಷ್‌ನ ಡ್ರಾಯಿಂಗ್ ಕಾಪಿ ಮಾಡಿ ಉದ್ದವನ್ನಷ್ಟೇ ಬದಲಿಸಿದ್ದರು. ಸ್ಪೇಸರ್‌ನ ಕೆಲಸ ‘ಅಂತರ ಉಳಿಸು’. ಅದಕ್ಕೆ ಉದ್ದ ಸರಿಯಿರಬೇಕು, ಅಷ್ಟೆ. ಗ್ರೈಂಡಿಂಗ್ ಕೈಬಿಟ್ಟೆವು, ಹೊರವ್ಯಾಸಕ್ಕೆ ±0.2 ಸಾಕಾಯಿತು. ಅಷ್ಟು ವರ್ಷ ಗಿರಾಕಿ ತನಗೆ ಯಾವ ಉಪಯೋಗಕ್ಕೂ ಬಾರದ ಹೊಳಪಿಗೆ ದುಡ್ಡು ಕೊಟ್ಟಿದ್ದ. ಅದು ನನಗೆ ಇಂದಿಗೂ ಬೇಸರದ ಸಂಗತಿ.

ಅದೇ ಬಾಕ್ಸ್‌ನ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ಟನ್ನೂ ತೆಳು ಮಾಡೋಣ ಎಂದು ಕೆಲವರು ಅಂದರು. ಅದರ ಕೆಲಸ ‘ನೀರು ತಡೆ’. ಬಾಕ್ಸ್ ಮಳೆಗಾಲವಿಡೀ ತೋಟದಲ್ಲಿ ನಿಲ್ಲಬೇಕು. ಪರೀಕ್ಷೆ ಮಾಡಿಯೇ ಮಾತಾಡೋಣ ಎಂದು ಒಳಗೆ ಕಾಗದವಿಟ್ಟು ನೀರು ಹೊಡೆದೆವು. ತೆಗೆದು ನೋಡಿದರೆ ಕೀಲಿನ ಪಕ್ಕದ ಮೂಲೆಯಲ್ಲಿ ಕಾಗದ ಒದ್ದೆಯಾಗಿತ್ತು. ಗ್ಯಾಸ್ಕೆಟ್ ಹಳೆಯ ದಪ್ಪದಲ್ಲೇ ಉಳಿಯಿತು.

ಪಾರ್ಟ್ ತಯಾರಿಸುವ ಅಚ್ಚುಗಳನ್ನು (ಡೈ, ಮೋಲ್ಡ್) ಮಾಡಿಸಿದ ಮೇಲೆ ಇಂಥದ್ದು ಹೊಳೆದರೆ ಬದಲಿಸುವ ಖರ್ಚೇ ಉಳಿತಾಯವನ್ನು ನುಂಗಿಬಿಡುತ್ತದೆ. ಹಾಗಾಗಿ ಈಗ ಹೊಸ ಡ್ರಾಯಿಂಗ್‌ಗೆ ಸಹಿ ಹಾಕುವ ಮುಂಚೆ ಲೇತ್‌ನವರನ್ನೂ ಫಿಟ್ಟರ್‌ಗಳನ್ನೂ ಮೇಜಿನ ಸುತ್ತ ಕೂರಿಸಿಕೊಳ್ಳುತ್ತೇವೆ.