ಲಕ್ಷ್ಮಣ ಫಲವನ್ನು ಮದ್ದು ಅಂತಲ್ಲ, ಹಣ್ಣು ಅಂತ ತಿನ್ನಿ

ಪುತ್ತೂರಿನ ಹತ್ತಿರ ನಮ್ಮ ಅತ್ತೆ ಮನೆಯ ಹಿತ್ತಿಲಲ್ಲಿ ಒಂದು ಲಕ್ಷ್ಮಣ ಫಲದ ಮರ ಇದೆ. ಅದನ್ನು ಹುಡುಕಿಕೊಂಡು ಬರುವವರು ಹೆಚ್ಚಾಗಿ ಕೇಳುವುದು ಹಣ್ಣನ್ನಲ್ಲ, ಎಲೆಯನ್ನು. ಯಾರಿಗೋ ಕ್ಯಾನ್ಸರ್ ಅಂತೆ, ಎಲೆ ಕುದಿಸಿ ಕುಡಿದರೆ ವಾಸಿಯಾಗುತ್ತದಂತೆ, ವಾಟ್ಸಾಪಿನಲ್ಲಿ ಬಂದಿದೆಯಂತೆ. ಅತ್ತೆ ಯಾರಿಗೂ ಇಲ್ಲ ಅನ್ನುವವರಲ್ಲ, ಕೊಯ್ದು ಕೊಡುತ್ತಾರೆ. ಹಣ್ಣು ಕೊಡಲಾ ಅಂತ ಕೇಳಿದರೆ ಮಾತ್ರ ಆ ಮುಳ್ಳು ಮುಳ್ಳು ಕಾಯಿಯನ್ನು ನೋಡಿ, "ಬೇಡಕ್ಕ, ಅದನ್ನು ಎಂತ ಮಾಡುವುದು ಅಂತ ಗೊತ್ತಿಲ್ಲ" ಅಂದು ಹೊರಟುಬಿಡುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ. ಅಷ್ಟು ಒಳ್ಳೆಯ ಹಣ್ಣನ್ನು ಬಿಟ್ಟು ಎಲೆ ಹೊತ್ತುಕೊಂಡು ಹೋಗುವುದಾ?

ಮೊದಲು ಪರಿಚಯ. ಇದು ಸೀತಾಫಲ, ರಾಮಫಲಗಳ ಕುಟುಂಬದ್ದೇ. ಮುಳ್ಳು ರಾಮಫಲ ಅಂತಲೂ ಕರೆಯುತ್ತಾರೆ, ಗಡಿ ದಾಟಿ ಕೇರಳಕ್ಕೆ ಹೋದರೆ ಮುಳ್ಳಾತ್ತ. ಊರು ಕೆರಿಬಿಯನ್ ದ್ವೀಪಗಳು ಮತ್ತು ಅಮೆರಿಕದ ಬಿಸಿ ಪ್ರದೇಶ. ಚಳಿ ಕಂಡರೆ ಆಗದ ಮರ, ಸೆಕೆ ಮತ್ತು ತೇವ ಎರಡೂ ಬೇಕು, ಹಾಗಾಗಿ ನಮ್ಮ ಕರಾವಳಿಯ ಅಡಿಕೆ ತೋಟಗಳ ಬದಿಯಲ್ಲಿ ಹಾಯಾಗಿ ಬೆಳೆದುಕೊಳ್ಳುತ್ತದೆ. ಹಲಸಿನ ಹಾಗೆ ಕಾಂಡದಲ್ಲೂ ದಪ್ಪ ಕೊಂಬೆಯಲ್ಲೂ ಕಾಯಿ ಬಿಡುತ್ತದೆ. ಅರ್ಧ ಕಿಲೋದ್ದೂ ಇರುತ್ತದೆ, ನಾಲ್ಕು ಕಿಲೋ ದಾಟಿದ್ದೂ ಇರುತ್ತದೆ. ಒಂದೊಂದು ಕಾಯಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಒಣಗಿದಂತೆ ಸೊಟ್ಟಗೆ ಇರುವುದನ್ನು ನೋಡಿರಬಹುದು. ಅದು ರೋಗ ಅಲ್ಲ. ಇದರ ಹೂವಿಗೆ ಪರಾಗಸ್ಪರ್ಶ ಮಾಡುವುದು ಸಣ್ಣ ಸಣ್ಣ ಜೀರುಂಡೆಗಳು, ಅವು ಎಷ್ಟು ಕೆಲಸ ಮಾಡಿವೆಯೋ ಅಷ್ಟೇ ಭಾಗ ತುಂಬಿಕೊಳ್ಳುತ್ತದೆ. ಸೊಟ್ಟ ಕಾಯಿಯೂ ತಿನ್ನಲಿಕ್ಕೆ ಚೆನ್ನಾಗಿಯೇ ಇರುತ್ತದೆ, ಅಂಗಡಿಯಲ್ಲಿ ಚೌಕಾಸಿಗೂ ಒದಗುತ್ತದೆ.

ಈಗ ಆರಿಸುವ ವಿಷಯ. ಮುಕ್ಕಾಲು ಪಾಲು ಜನ ಸೋಲುವುದು ಇಲ್ಲೇ ನೋಡಿ. ಬೆಳೆಯದ ಕಾಯಿ ಕಡು ಹಸಿರು ಇರುತ್ತದೆ, ಮುಳ್ಳುಗಳು ಒತ್ತೊತ್ತಾಗಿ ಗಟ್ಟಿಯಾಗಿ ನಿಂತಿರುತ್ತವೆ. ಬಲಿತ ಹಾಗೆ ಸಿಪ್ಪೆ ಹಿಗ್ಗುತ್ತದೆ, ಮುಳ್ಳಿಗೂ ಮುಳ್ಳಿಗೂ ನಡುವೆ ಜಾಗ ಬೀಳುತ್ತದೆ, ಕಡು ಹಸಿರಿನ ಹೊಳಪು ಹೋಗಿ ಸ್ವಲ್ಪ ಹಳದಿ ತಿರುಗಿದ ತಿಳಿ ಹಸಿರು ಬರುತ್ತದೆ. ಮುಳ್ಳಿನ ತುದಿಯೂ ಮೆತ್ತಗಾಗಿ, ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಇಂಥದ್ದು ಕೈಗೆ ಇನ್ನೂ ಗಟ್ಟಿ ಇದ್ದರೂ ಪರವಾಗಿಲ್ಲ, ಮನೆಗೆ ತಂದರೆ ಹಣ್ಣಾಗುತ್ತದೆ. ಎಳೆಯದನ್ನು ತಂದರೆ ಏನು ಮಾಡಿದರೂ ಸರಿಯಾಗಿ ಹಣ್ಣಾಗುವುದಿಲ್ಲ, ಸಿಪ್ಪೆ ಕಪ್ಪಾಗಿ ಸುಕ್ಕುಗಟ್ಟುತ್ತದೆ ಅಷ್ಟೇ. ಮರದಲ್ಲೇ ಪೂರ್ತಿ ಹಣ್ಣಾಗಲಿ ಅಂತ ಕಾಯುವುದೂ ದಂಡ. ಮೆತ್ತಗಾದ ಮೇಲೆ ಅದು ತೊಟ್ಟಿನಲ್ಲಿ ನಿಲ್ಲುವುದಿಲ್ಲ, ಬಿದ್ದು ಒಡೆದು ಇರುವೆಗೆ ಊಟ.

ಮಾರ್ಕೆಟಿನಲ್ಲಿ ತೆಗೆದುಕೊಳ್ಳುವಾಗ ನಾನು "ಒಳ್ಳೆಯದು ಕೊಡಿ" ಅನ್ನುವುದಿಲ್ಲ. "ಅಣ್ಣ, ನಾಡಿದ್ದು ತಿನ್ನುವಂಥದ್ದು ಕೊಡಿ" ಅನ್ನುತ್ತೇನೆ. ದಿನ ಹೇಳಿದರೆ ಮಾರುವವರು ತಾವೇ ಒತ್ತಿ ನೋಡಿ ಆರಿಸಿ ಕೊಡುತ್ತಾರೆ. ಇವತ್ತೇ ತಿನ್ನುವುದಾದರೆ ಮಾತ್ರ ಮೆತ್ತಗಿರುವುದನ್ನು ತೆಗೆದುಕೊಳ್ಳಿ, ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುವುದಾದರೆ ಗಟ್ಟಿಯದ್ದೇ ಬೇಕು. ದೊಡ್ಡ ಅಂಗಡಿಗಳ ತಣ್ಣನೆಯ ಕಪಾಟಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟ ಗಟ್ಟಿ ಕಾಯಿಯನ್ನು ಮಾತ್ರ ಮುಟ್ಟಬೇಡಿ. ಹಣ್ಣಾಗುವ ಮೊದಲೇ ಸುಮಾರು 12–13 ಡಿಗ್ರಿಗಿಂತ ಜಾಸ್ತಿ ತಂಪು ತಗುಲಿದರೆ ಇದು ಕೆಟ್ಟುಹೋಗುತ್ತದೆ. ಸಿಪ್ಪೆ ಕಪ್ಪಾಗುತ್ತದೆ, ಒಳಗೆ ರುಚಿಯೂ ಪರಿಮಳವೂ ಬರುವುದೇ ಇಲ್ಲ.

ಮನೆಗೆ ತಂದ ಮೇಲೆ ನಿಮ್ಮ ಕೆಲಸ ಕಡಿಮೆ. ಪೇಪರ್ ಹಾಸಿ, ಗಾಳಿ ಆಡುವ ಕಡೆ ಇಡಿ. ಒಂದರ ಮೇಲೊಂದು ಪೇರಿಸಬೇಡಿ, ತನ್ನ ಭಾರಕ್ಕೇ ಅಡಿಭಾಗ ಜಜ್ಜಿಹೋಗುವ ಹಣ್ಣು ಇದು. ಅವಸರ ಇದ್ದರೆ ಪಕ್ಕದಲ್ಲಿ ಹಣ್ಣಾದ ಬಾಳೆಹಣ್ಣು ಇಟ್ಟು ಪೇಪರ್ ಚೀಲದಲ್ಲಿ ಮುಚ್ಚಿಡಬಹುದು, ಬಾಳೆಹಣ್ಣು ಬಿಡುವ ಎಥಿಲೀನ್ ಅನ್ನುವ ಅನಿಲ ಇದನ್ನೂ ಬೇಗ ಹಣ್ಣು ಮಾಡುತ್ತದೆ. ನಮ್ಮ ಸೆಕೆಗೆ ಅದೂ ಬೇಕಾಗಿಲ್ಲ. ಬಲಿತ ಕಾಯಿ ಸಾಮಾನ್ಯವಾಗಿ 3ರಿಂದ 5 ದಿನದಲ್ಲಿ ಹಣ್ಣಾಗುತ್ತದೆ, ಆದರೆ ಕೊನೆಯ ದಿನ ಮಾತ್ರ ಓಡುತ್ತದೆ! ಬೆಳಿಗ್ಗೆ ಗಟ್ಟಿ ಇದ್ದದ್ದು ಸಂಜೆಗೆ ರೆಡಿ, ಮರುದಿನ ಮಧ್ಯಾಹ್ನಕ್ಕೆ ಹುಳಿ ಹುಳಿ ವಾಸನೆ. ಹಾಗಾಗಿ ದಿನಕ್ಕೆ ಎರಡು ಸಲ ತೊಟ್ಟಿನ ಸುತ್ತ ಹೆಬ್ಬೆರಳಿನಿಂದ ಮೆಲ್ಲ ಒತ್ತಿ ನೋಡಬೇಕು. ಬೆರಳು ತಗ್ಗಿದರೆ ಸಾಕು, ಇನ್ನೂ ಮೆತ್ತಗಾಗಲಿ ಅಂತ ಬಿಡಬೇಡಿ. ಸಿಪ್ಪೆಯ ಮೇಲೆ ಕಂದು ಕಲೆ ಕಂಡು ಹಾಳಾಯಿತು ಅಂತ ಎಸೆಯುವವರೂ ಇದ್ದಾರೆ, ಹಾಗೆ ಮಾಡಬೇಡಿ. ಸಿಪ್ಪೆ ಕಪ್ಪಾಗಿದ್ದರೂ ಒಳಗೆ ಹಾಲುಬಿಳಿ ಇರುತ್ತದೆ. ತಿನ್ನಲು ಪುರುಸೊತ್ತಿಲ್ಲ ಅಂದರೆ ಹಣ್ಣಾದ ಮೇಲೆ ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು.

ಚಾಕು ಬೇಕಾಗಿಲ್ಲ. ತಟ್ಟೆಯ ಮೇಲೆ ಇಟ್ಟು ಎರಡೂ ಕೈಯಲ್ಲಿ ಸೀಳಿದರೆ ಬಿಟ್ಟುಕೊಳ್ಳುತ್ತದೆ. ತೊಟ್ಟನ್ನು ಹಿಡಿದು ನಿಧಾನಕ್ಕೆ ಎಳೆದರೆ ಒಳಗಿನ ಗೂಂಜು ಉದ್ದಕ್ಕೆ ಕಿತ್ತು ಬರುತ್ತದೆ. ಆಗ ಮನೆಯೆಲ್ಲ ಪರಿಮಳ. ಅನಾನಸಿನ ಹುಳಿವಾಸನೆ ಸ್ವಲ್ಪ, ಅದರ ಹಿಂದೆ ಏನೋ ಕೆನೆಯ ಹಾಗಿನದ್ದು. ತಿರುಳು ಬಿಳಿ, ರಸ ಸುರಿಯುತ್ತದೆ, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಸೀತಾಫಲದ ಮರಳು ಮರಳು ಇದರಲ್ಲಿ ಇಲ್ಲ. ಸೀತಾಫಲದಷ್ಟು ಸಿಹಿಯನ್ನು ನಿರೀಕ್ಷೆ ಮಾಡಿದವರಿಗೆ ಮೊದಲ ತುತ್ತು ಸಪ್ಪೆ ಅನ್ನಿಸಬಹುದು, ಯಾಕೆಂದರೆ ಇದರಲ್ಲಿ ಹುಳಿ ಮುಂದೆ ಬರುತ್ತದೆ, ಸಿಹಿ ಆಮೇಲೆ. ನನಗೆ ಇದೇ ಇಷ್ಟ. ಸೀತಾಫಲ ಎರಡು ತಿಂದರೆ ಸಾಕಪ್ಪ ಅನ್ನಿಸುತ್ತದೆ, ಇದನ್ನು ತಿನ್ನುತ್ತಾ ಕೂತರೆ ತಟ್ಟೆ ಖಾಲಿ ಆದದ್ದೇ ಗೊತ್ತಾಗುವುದಿಲ್ಲ. ತೊಳೆಗಳಲ್ಲಿ ಹೆಚ್ಚಿನವಕ್ಕೆ ಬೀಜ ಇರುವುದಿಲ್ಲ. ಬೀಜ ಇರುವುದರಲ್ಲಿ ಒಂದೊಂದೇ, ಕಪ್ಪಗೆ, ನುಣ್ಣಗೆ.

ಬೀಜ ಅಂದಕೂಡಲೇ ಎಚ್ಚರಿಕೆ ಹೇಳಲೇಬೇಕು. ಬೀಜ ವಿಷ. ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚುತ್ತಿದ್ದರಲ್ವಾ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ ಅಂತ ಅಜ್ಜಿಯಂದಿರು ಹೆದರಿಸುತ್ತಿದ್ದರಲ್ವಾ, ಇದೂ ಅದೇ ಜಾತಿ. ಅಪ್ಪಿತಪ್ಪಿ ಒಂದು ಬೀಜ ಇಡಿಯಾಗಿ ನುಂಗಿದರೆ ಗಾಬರಿ ಬೇಡ, ಅದು ಹಾಗೇ ಹೊರಗೆ ಹೋಗುತ್ತದೆ. ಆದರೆ ಜ್ಯೂಸ್ ಮಾಡುವಾಗ ಬೀಜ ಸಮೇತ ಮಿಕ್ಸಿಗೆ ಹಾಕಲೇಬಾರದು.

ಇನ್ನು ಕ್ಯಾನ್ಸರ್ ವಿಷಯ. ಈ ಗಿಡದ ಸಾರ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆ, ಅದು ನಿಜ. ಮನುಷ್ಯರಲ್ಲಿ ಕ್ಯಾನ್ಸರ್ ಗುಣಪಡಿಸಿದೆ ಅನ್ನುವುದಕ್ಕೆ ನಂಬುವಂಥ ಪುರಾವೆ ಇಲ್ಲ. ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಫಾರ್ವರ್ಡ್ ಮಾಡುವವರು ಇದರ ಇನ್ನೊಂದು ಮುಖವನ್ನು ಹೇಳುವುದೇ ಇಲ್ಲ. ಕೆರಿಬಿಯನ್ನಿನ ಗ್ವಾಡೆಲೋಪ್ ದ್ವೀಪದಲ್ಲಿ ಪಾರ್ಕಿನ್ಸನ್‌ನಂಥ (ಕೈಕಾಲು ನಡುಗಿ ಬಿಗಿಯುವ) ಕಾಯಿಲೆ, ಅದೂ ಮಾಮೂಲಿ ಮಾತ್ರೆಗೆ ಬಗ್ಗದ ತರಹದ್ದು, ಜಾಸ್ತಿ ಕಾಣಿಸಿಕೊಳ್ಳುತ್ತಿತ್ತು. ಆ ರೋಗಿಗಳಲ್ಲಿ ಹೆಚ್ಚಿನವರು ಈ ಜಾತಿಯ ಹಣ್ಣು ತಿನ್ನುವವರು, ಎಲೆಯ ಕಷಾಯ ಕುಡಿಯುವವರು ಅಂತ 1999ರಲ್ಲಿ ಅಲ್ಲಿನ ವೈದ್ಯರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇದರಲ್ಲಿರುವ ಅನೋನಾಸಿನ್ ಅನ್ನುವ ವಸ್ತುವನ್ನು ಇಲಿಗಳ ರಕ್ತಕ್ಕೆ ಬಿಟ್ಟು ನೋಡಿದಾಗ ಅವುಗಳ ಮೆದುಳಿನ ಕೋಶಗಳು ಹಾಳಾದವು. ಇದೇ ಕಾರಣ ಅಂತ ಮನುಷ್ಯರಲ್ಲಿ ಖಚಿತವಾಗಿಲ್ಲ, ಯಾವಾಗಲೋ ಒಮ್ಮೆ ಹಣ್ಣು ತಿಂದವರು ಹೆದರಬೇಕಾಗಿಯೂ ಇಲ್ಲ. ಆದರೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಲೆ ಕುದಿಸಿ ತಿಂಗಳುಗಟ್ಟಲೆ ಕುಡಿಯುವುದು ಯಾಕೆ ಬೇಕು ಹೇಳಿ? ಕೀಮೋ ನಡೆಯುತ್ತಿರುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅದನ್ನು ನಿಲ್ಲಿಸಿ ಇದನ್ನು ಕುಡಿಯಿರಿ ಅನ್ನುವವರನ್ನು ಮನೆಯೊಳಗೆ ಬಿಡಬೇಡಿ.

ಇಷ್ಟು ಹೇಳಿ ಆಯಿತು, ಜ್ಯೂಸಿಗೆ ಬರೋಣ. ಒಂದು ದೊಡ್ಡ ಹಣ್ಣನ್ನು ಇಬ್ಬರು ಮೂವರು ಕೂತು ಖಾಲಿ ಮಾಡುವುದು ಕಷ್ಟ, ಉಳಿದದ್ದಕ್ಕೆ ಇದೇ ದಾರಿ. ತಿರುಳನ್ನು ಜರಡಿಗೆ ಹಾಕಿ, ಸ್ವಲ್ಪ ನೀರು ಬಿಟ್ಟು, ಕೈಯಲ್ಲೇ ಕಿವುಚಿ. ಬೀಜವೂ ಗಟ್ಟಿ ನಾರೂ ಮೇಲೆ ಉಳಿಯುತ್ತವೆ. ಕ್ಯೂಬಾದಲ್ಲಿ ಇದಕ್ಕೆ ಹಾಲು ಸಕ್ಕರೆ ಹಾಕಿ ಚಂಪೋಲಾ ಅಂತ ಮಾಡುತ್ತಾರೆ. ಜಮೈಕಾದವರು ಕಂಡೆನ್ಸ್‌ಡ್ ಮಿಲ್ಕ್ ಹಾಕಿ ಮೇಲೆ ಜಾಯಿಕಾಯಿ ತುರಿಯುತ್ತಾರೆ. ಜಾಯಿಕಾಯಿ ನಮ್ಮ ತೋಟದಲ್ಲೂ ಇದೆಯಲ್ಲ, ನಾನೂ ಹಾಕಿ ನೋಡಿದೆ, ಒಂದು ಚಿಟಿಕೆ ಸಾಕು, ಜಾಸ್ತಿಯಾದರೆ ಕಷಾಯದ ವಾಸನೆ ಬರುತ್ತದೆ. ಹಾಲಿನ ಬದಲು ಆಗಷ್ಟೇ ಹಿಂಡಿದ ತೆಂಗಿನಹಾಲು ಮತ್ತು ಬೆಲ್ಲ ಹಾಕಿದ್ದು ಅತ್ತೆ. ಅದು ನನಗೆ ಎಲ್ಲದಕ್ಕಿಂತ ಹೆಚ್ಚು ಹಿಡಿಸಿತು. ಹಾಲು ಹಾಕುವುದಾದರೆ ಕಾಯಿಸಿ ಚೆನ್ನಾಗಿ ತಣಿಸಿದ್ದೇ ಆಗಬೇಕು, ಹಣ್ಣಿನ ಹುಳಿಗೆ ಬೆಚ್ಚಗಿನ ಹಾಲು ಒಡೆಯುತ್ತದೆ. ಮಾಡಿದ ಕೂಡಲೇ ಕುಡಿದುಬಿಡಿ. ಅರ್ಧ ಉಳಿಸಿ ಸಂಜೆಗೆ ಇಡುವ ಯೋಚನೆ ಇದ್ದರೆ ಹಾಲು ಹಾಕದೆ ಬರೀ ತಿರುಳನ್ನು ಡಬ್ಬಿಗೆ ತುಂಬಿ ಫ್ರೀಜರಿಗೆ ತಳ್ಳಿ. ಬೇಕಾದಾಗ ಸ್ವಲ್ಪ ಕೆರೆದು ತೆಗೆದು ಹಾಗೇ ಚಮಚದಲ್ಲಿ ತಿನ್ನಿ, ಮಕ್ಕಳಿಗೆ ಕಂಡರೆ ಡಬ್ಬಿ ನಿಮಗೆ ಸಿಗುವುದಿಲ್ಲ ಅಷ್ಟೇ.