ಒಂದೂವರೆ ಗಂಟೆಯ ಚಪಾತಿ

ಹಂಚಿನಿಂದ ಈಗಷ್ಟೇ ಇಳಿದ ಚಪಾತಿ ಯಾರು ಮಾಡಿದರೂ ಮೆತ್ತಗೇ ಇರುತ್ತದೆ. ಇದು ನನ್ನ ತಲೆಗೆ ಹೋಗಲು ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಮೂವರು ಗಿರಾಕಿಗಳು ಡಬ್ಬಿ ನಿಲ್ಲಿಸಿದ್ದರು.

ಧಾರವಾಡದಲ್ಲಿ ಮನೆಯಿಂದಲೇ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವುದು ನನ್ನ ಕೆಲಸ. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತುತ್ತದೆ, ಎಂಟೂವರೆಗೆ ಡಬ್ಬಿಗಳು ಹೊರಡುತ್ತವೆ, ತಿನ್ನುವವರು ಅದನ್ನು ತೆರೆಯುವುದು ಒಂದೂವರೆಗೆ. ಬಿಸಿ ರೊಟ್ಟಿ ಬಡಿಸುವ ಖಾನಾವಳಿಗಳ ಊರಿನಲ್ಲಿ ಐದು ಗಂಟೆ ಹಳೆಯ ಚಪಾತಿ ಮಾರುವವಳು ನಾನು. ಸಾದಾ ಚಪಾತಿಯಲ್ಲಿ ಎಂದೂ ತೊಂದರೆ ಬಂದಿರಲಿಲ್ಲ. ಬುಧವಾರ ಮತ್ತು ಶನಿವಾರ ಮೆಂತ್ಯ ಸೊಪ್ಪು, ಖಾರ ಹಾಕಿದ ಮಸಾಲೆ ಚಪಾತಿ ಶುರುಮಾಡಿದ ಮೇಲೆ ಎಡವಟ್ಟಾಯಿತು.

ಏಪ್ರಿಲ್ ತಿಂಗಳ ಒಂದು ಬುಧವಾರ ಬ್ಯಾಂಕಿನ ಗಿರಾಕಿಯೊಬ್ಬರು ಫೋನ್ ಮಾಡಿದರು. "ಮೇಡಂ, ರುಚಿಯ ಬಗ್ಗೆ ಮಾತಿಲ್ಲ. ಆದರೆ ಪಲ್ಯ ಎತ್ತಿಕೊಳ್ಳಲು ತುಂಡು ಮಾಡಿದರೆ ಚಟ್ ಎಂದು ಸದ್ದು ಬರುತ್ತದೆ." ಹಪ್ಪಳದ ಬಗ್ಗೆ ಹೇಳುವಂತಿತ್ತು ಆ ಮಾತು. ಬೆಳಿಗ್ಗೆ ನಾನೇ ಒಂದನ್ನು ತಿಂದಿದ್ದೆ, ಬಾಯಿಗಿಟ್ಟರೆ ಕರಗುವಂತಿತ್ತು. ಹಾಗಾಗಿ ಅವರ ಹಲ್ಲಿನ ಮೇಲೆಯೇ ಅನುಮಾನಪಟ್ಟೆ. ಮುಂದಿನ ವಾರ ಇನ್ನೂ ಇಬ್ಬರು ಅದನ್ನೇ ಹೇಳಿದಾಗ ಹಲ್ಲಿನ ವಾದ ಬಿದ್ದುಹೋಯಿತು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಗಿರಣಿ ಬದಲಿಸಿದೆ. ಅದರಿಂದ ಏನೂ ಆಗದಿದ್ದಾಗ ಎಣ್ಣೆ ಹೆಚ್ಚಿಸಿದೆ. ಎಣ್ಣೆ ಒಂದು ಮಿತಿಯವರೆಗೆ ಒಳ್ಳೆಯದು, ಆ ಮಿತಿ ದಾಟಿದರೆ ಹಿಟ್ಟಿನ ಜಿಗುಟು ಒಂದಕ್ಕೊಂದು ಹೆಣೆದುಕೊಳ್ಳಲು ಬಿಡುವುದಿಲ್ಲ. ಚಪಾತಿ ಮುರಿಯುವುದು ನಿಂತು ಪುಡಿಯಾಗುವುದು ಶುರುವಾಯಿತು. ನೀರಿನ ಬದಲು ಹಾಲು ಹಾಕಿ ನೋಡಿದೆ. ಬೇಯಿಸಿದ ಆಲೂಗಡ್ಡೆ ಕಿವುಚಿ ಹಾಕಿದೆ. ಅದು ಮೆತ್ತಗೇನೋ ಆಯಿತು, ಆದರೆ ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲಿ ಒಂದರ ಮೇಲೊಂದು ಅಂಟಿಕೊಂಡು ಕುಳಿತಿತ್ತು. ಕೊನೆಗೆ ಲಟ್ಟಿಸಿ ಬೇಯಿಸುವ ಕಾಕುವಿನ ಮೇಲೆ ಹರಿಹಾಯ್ದೆ. ಅವರಿಗೆ ನನಗಿಂತ ಇಪ್ಪತ್ತು ವರ್ಷ ಹೆಚ್ಚು, ಚಪಾತಿಯ ಅನುಭವ ಮೂವತ್ತು ವರ್ಷ ಹೆಚ್ಚು.

ಕಾಕು ಲಟ್ಟಣಿಗೆ ಕೆಳಗಿಡಲಿಲ್ಲ. "ಬೆಂಕಿ ಸಣ್ಣದು ಮಾಡಿ ಎಂದು ನೀವೇ ಹೇಳಿದಿರಲ್ಲ. ಅಂದಿನಿಂದಲೇ ಹೀಗಾಗುತ್ತಿದೆ."

"ಆಗಲೇ ಏಕೆ ಹೇಳಲಿಲ್ಲ?"

"ಹೇಳಿದೆ. ನೀವು ಫೋನಿನಲ್ಲಿ ಮಾತನಾಡುತ್ತಿದ್ದಿರಿ."

ನಿಜವಾಗಿಯೂ ನಾನೇ ಹೇಳಿದ್ದೆ. ಮಸಾಲೆ ಚಪಾತಿಯಲ್ಲಿ ಅಚ್ಚಖಾರದ ಪುಡಿ, ಸೊಪ್ಪು, ಮೊಸರು ಎಲ್ಲ ಇರುವುದರಿಂದ ಅದು ಸಾದಾ ಚಪಾತಿಗಿಂತ ಬೇಗ ಕಪ್ಪಾಗುತ್ತದೆ. ಕಪ್ಪು ಚುಕ್ಕೆ ಕಂಡರೆ ಗಿರಾಕಿಗಳು ಸೀದಿದೆ ಎನ್ನುತ್ತಾರೆ. ಅದಕ್ಕೆ ಉರಿ ಇಳಿಸಿ ಎಂದಿದ್ದೆ. ಬಣ್ಣ ಚೆಂದವಾಯಿತು. ಆದರೆ ಒಂದು ನಿಮಿಷದಲ್ಲಿ ಮುಗಿಯಬೇಕಾದ ಚಪಾತಿ ಎರಡೂವರೆ ನಿಮಿಷ ಹಂಚಿನ ಮೇಲೆ ಕುಳಿತು, ಬೇಯುವ ಬದಲು ಒಣಗುತ್ತಿತ್ತು. ಬಿಸಿಯಿರುವಾಗ ಆ ಒಣಗು ಗೊತ್ತಾಗುವುದಿಲ್ಲ, ಒಳಗಿನ ಹಬೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆರಿದ ಮೇಲೆ ಬಂಡವಾಳ ಬಯಲಾಗುತ್ತದೆ.

ಕಾಕುವಿನ ಮಾತನ್ನು ನಂಬಿದೆನಾದರೂ ನನ್ನ ಹಟ ಪೂರ್ತಿ ಇಳಿದಿರಲಿಲ್ಲ. ಸಾಮಾನು ತೂಗಲು ತಂದಿದ್ದ ಸಣ್ಣ ತಕ್ಕಡಿಯನ್ನು ಒಲೆಯ ಪಕ್ಕಕ್ಕೆ ತಂದಿಟ್ಟೆ. ಒಂದೊಂದು ಉಂಡೆ 45 ಗ್ರಾಂ. ಕಾದ ಹಂಚಿನ ಮೇಲೆ ಬೆಂದ ಚಪಾತಿ 38 ಗ್ರಾಂ ತೂಗಿತು, ಸಣ್ಣ ಉರಿಯದ್ದು 35. ನೋಡಲು ಮೂರೇ ಗ್ರಾಂ. ಆದರೆ ಒಂದು ಉಂಡೆಯಲ್ಲಿ ಇರುವ ನೀರೇ ಹೆಚ್ಚೆಂದರೆ ಇಪ್ಪತ್ತು ಗ್ರಾಂ. ಅದರಲ್ಲಿ ಏಳು ಹಬೆಯಾಗಿ ಹೋಗುವುದು ನ್ಯಾಯ, ಹತ್ತು ಹೋದರೆ ಚಪಾತಿಗೆ ಉಳಿಯುವುದೇನು? ತಕ್ಕಡಿ ನೋಡಿ ಕಾಕು ನಕ್ಕರು. ಚಿನ್ನದಂಗಡಿ ಇಡುವ ಯೋಚನೆಯಿದೆಯೇ ಎಂದು ಕೇಳಿದರು.

ಹಂಚಿನ ಕಥೆ ಅಲ್ಲಿಗೆ ಸರಿಹೋಯಿತು. ಹಂಚು ಚೆನ್ನಾಗಿ ಕಾದಿರಬೇಕು, ಚಿಮುಕಿಸಿದ ನೀರು ಗುಂಡಾಗಿ ಓಡಾಡಿ ಆರಬೇಕು. ಮೊದಲ ಮಗ್ಗುಲು ಬಣ್ಣ ಬದಲಾಗಿ ಸಣ್ಣ ಗುಳ್ಳೆ ಎದ್ದ ತಕ್ಷಣ ಮಗುಚಬೇಕು. ಎರಡನೆಯ ಮಗ್ಗುಲು ಸ್ವಲ್ಪ ಹೆಚ್ಚು ಹೊತ್ತು. ಎರಡೂ ಕಡೆ ಬೆಂದ ಮೇಲಷ್ಟೇ ಎಣ್ಣೆ, ಅದೂ ಸವರುವಷ್ಟು. ಕಪ್ಪಾಗುವ ತೊಂದರೆಗೆ ಉರಿಯನ್ನು ಶಿಕ್ಷಿಸುವ ಬದಲು ಖಾರದ ಪುಡಿಯನ್ನೇ ಮುಕ್ಕಾಲು ಪಾಲು ಇಳಿಸಿ, ಹಸಿಮೆಣಸಿನಕಾಯಿಯನ್ನು ಜೀರಿಗೆಯೊಂದಿಗೆ ಅರೆದು ಹಾಕಿದೆ. ಸ್ವಲ್ಪ ದಪ್ಪಗೆ ಲಟ್ಟಿಸಿದೆವು. ತೆಳುವಾಗಿ ಲಟ್ಟಿಸುವುದೇ ಕೈಚಳಕ ಎಂದು ನಾವು ಹೊಗಳುತ್ತೇವಲ್ಲ, ಅದು ಬಿಸಿಬಿಸಿ ತಿನ್ನುವ ಚಪಾತಿಯ ಮಾತು. ಡಬ್ಬಿಗೆ ಹೋಗುವುದು ತೆಳುವಾದಷ್ಟೂ ಬೇಗ ಒಣಗುತ್ತದೆ.

ಇಷ್ಟಾದರೂ ಅರ್ಧ ಮಾತ್ರ ಗೆದ್ದಂತಾಯಿತು. ಉಳಿದ ಅರ್ಧ ಕಣಕದಲ್ಲಿತ್ತು, ಮತ್ತು ಅದು ಹಂಚಿಗಿಂತ ಸೂಕ್ಷ್ಮ. ಗಟ್ಟಿ ಕಣಕವನ್ನು ಲಟ್ಟಿಸುವುದು ಸುಲಭ: ಮಣೆಗೆ ಅಂಟುವುದಿಲ್ಲ, ದುಂಡಗೆ ಬರುತ್ತದೆ, ಒಣಹಿಟ್ಟು ಕಡಿಮೆ ಸಾಕು. ನೂರಿಪ್ಪತ್ತು ಚಪಾತಿ ಲಟ್ಟಿಸುವ ಕೈ ತನಗೆ ತಿಳಿಯದೆಯೇ ನೀರನ್ನು ಕಡಿಮೆ ಮಾಡುತ್ತಾ ಬರುತ್ತದೆ. ನಮ್ಮಲ್ಲೂ ಅದೇ ಆಗಿತ್ತು. ಗಿರಣಿಯ ಕಲ್ಲಿನಲ್ಲಿ ನುಣ್ಣಗೆ ಬೀಸಿದ ಗೋಧಿ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಬೀಸುವ ಒತ್ತಡಕ್ಕೆ ಅದರ ಪಿಷ್ಟದ ಕಣಗಳು ಒಡೆದಿರುತ್ತವೆ, ಜೊತೆಗೆ ತೌಡೂ ಇರುತ್ತದೆ. ಆದರೆ ತೌಡು ನೀರನ್ನು ಗಟಗಟ ಕುಡಿಯುವುದಿಲ್ಲ, ನಿಧಾನವಾಗಿ ಹೀರುತ್ತದೆ. ಕಲಸಿದಾಗ ಕೈಗೆ ಅಂಟುವ ಕಣಕ ಮುಚ್ಚಿಟ್ಟ ನಲವತ್ತು ನಿಮಿಷಕ್ಕೆ ಹದವಾಗುತ್ತದೆ. ಕಲಸಿದಾಗಲೇ ಹದವಾಗಿದ್ದ ಕಣಕ ಅಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತದೆ. ಈಗ ಒಂದು ಕಿಲೋ ಸಾದಾ ಹಿಟ್ಟಿಗೆ 650 ಮಿಲಿಲೀಟರ್ ನೀರು ಅಳೆದು ಸುರಿಯುತ್ತೇನೆ. ಅಂಟಿದರೆ ಅಂಟಲಿ, ಹಿಟ್ಟು ಸೇರಿಸುವುದಿಲ್ಲ.

ಮಸಾಲೆ ಚಪಾತಿಯಲ್ಲಿ ಈ ಲೆಕ್ಕ ಹಳಿ ತಪ್ಪಿಸುವುದು ಮೆಂತ್ಯ ಸೊಪ್ಪು. ಹೆಚ್ಚಿದ ಸೊಪ್ಪಿಗೆ ಉಪ್ಪು ತಾಕಿದರೆ ಅದು ನೀರು ಬಿಡುತ್ತದೆ, ಆದರೆ ಒಮ್ಮೆಲೇ ಬಿಡುವುದಿಲ್ಲ. ಐದೂವರೆಗೆ ಬೆಣ್ಣೆಯಂತಿದ್ದ ಕಣಕ ಏಳು ಗಂಟೆಗೆ ಜಾರತೊಡಗುತ್ತಿತ್ತು. ಕಾಕು ಒಣಹಿಟ್ಟಿನಲ್ಲಿ ಹೊರಳಿಸಿ ಹೊರಳಿಸಿ ಲಟ್ಟಿಸುತ್ತಿದ್ದರು. ಆ ಒಣಹಿಟ್ಟು ಹಂಚಿನ ಮೇಲೆ ಸೀದು ಚಪಾತಿಯ ಮೈಯ ನೀರನ್ನೂ ಎಳೆದುಕೊಳ್ಳುತ್ತಿತ್ತು. ಅಂದರೆ ಕೊನೆಯ ನಲವತ್ತು ಚಪಾತಿಗಳು ಮೊದಲ ನಲವತ್ತರ ಹಾಗೆ ಇರುತ್ತಲೇ ಇರಲಿಲ್ಲ. ದೂರು ಹೇಳಿದ ಮೂವರ ಡಬ್ಬಿಗಳೂ ಕೊನೆಗೆ ತುಂಬುವ ಸಾಲಿನವು ಎಂಬುದು ಆಗ ಹೊಳೆಯಿತು. ಅವರ ಹಲ್ಲಿನ ಬಗ್ಗೆ ನಾನು ಅಂದುಕೊಂಡದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈಗ ಸೊಪ್ಪಿಗೆ ಮೊದಲೇ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡುತ್ತೇನೆ. ಬಿಡಬೇಕಾದ ನೀರಿನ ಬಹುಪಾಲನ್ನು ಅಲ್ಲೇ ಬಿಡಲಿ. 900 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಕಡಲೆ ಹಿಟ್ಟಿಗೆ 200 ಗ್ರಾಂ ಬಿಡಿಸಿದ ಸೊಪ್ಪು, 150 ಗ್ರಾಂ ಹುಳಿಯಿಲ್ಲದ ಮೊಸರು, ಮೂರು ದೊಡ್ಡ ಚಮಚ ಎಣ್ಣೆ. ಎಣ್ಣೆಯನ್ನು ಬೆಚ್ಚಗೆ ಮಾಡಿ ಅರಿಶಿನ, ಇಂಗು ಅದರಲ್ಲೇ ಕದಡಿ ಹಾಕಿದರೆ ಬಣ್ಣವೂ ಘಮವೂ ಎಲ್ಲ ಕಡೆ ಸಮನಾಗಿ ಹರಡುತ್ತವೆ. ಓಮವನ್ನು ಅಂಗೈಯಲ್ಲಿ ತಿಕ್ಕಿ ಉದುರಿಸುತ್ತೇನೆ. ಬಿಳಿ ಎಳ್ಳು ಇದ್ದರೆ ಒಂದು ಹಿಡಿ. ಜೀರಿಗೆಯನ್ನು ಇಡಿಯಾಗಿ ಹಾಕಿದರೆ ಲಟ್ಟಿಸುವಾಗ ಚಪಾತಿ ಅಲ್ಲಲ್ಲೇ ಹರಿಯುತ್ತದೆ, ಹರಿದ ಕಡೆ ಹಬೆ ಸೋರಿ ಉಬ್ಬುವುದಿಲ್ಲ. ನೀರು ಮೊದಲು 350 ಮಿಲಿಲೀಟರ್ ಹಾಕಿ, ಉಳಿದ 50 ಅನ್ನು ಕೈಯಲ್ಲಿಟ್ಟುಕೊಂಡು ಸೊಪ್ಪು ಎಷ್ಟು ಬಿಟ್ಟಿದೆ ಎಂದು ನೋಡಿ ಸೇರಿಸುವುದು. ಇಷ್ಟಕ್ಕೆ 45 ಗ್ರಾಂ ತೂಕದ ನಲವತ್ತು ಉಂಡೆಗಳಾಗುತ್ತವೆ. ಮೂರು ಕಿಲೋ ಹಿಟ್ಟನ್ನು ಒಟ್ಟಿಗೇ ಕಲಸುವುದನ್ನು ಬಿಟ್ಟು, ಅರ್ಧ ಗಂಟೆಯ ಅಂತರದಲ್ಲಿ ಮೂರು ಸಲ ಕಲಸುತ್ತೇವೆ. ಕೆಲಸ ಹೆಚ್ಚಾಯಿತು ಎಂದು ಕಾಕು ಗೊಣಗಿದರು. ಕೊನೆಯ ಸರದಿಯ ಉಂಡೆ ಮಣೆಗೆ ಅಂಟದೇ ಬಂದ ದಿನ ಗೊಣಗುವುದು ನಿಂತಿತು.

ಈರುಳ್ಳಿ ಹಾಕಿ ಎಂದು ಕೇಳುವವರಿದ್ದಾರೆ. ಏಪ್ರಿಲ್ ಬಿಸಿಲಿನಲ್ಲಿ ಐದು ಗಂಟೆ ಮುಚ್ಚಿದ ಡಬ್ಬಿಯಲ್ಲಿ ಇರುವ ಚಪಾತಿಗೆ ನಾನು ಹಸಿ ಈರುಳ್ಳಿ ಹಾಕುವುದಿಲ್ಲ.

ಡಬ್ಬಿಗೆ ತುಂಬುವುದರಲ್ಲೂ ಒಂದು ತಪ್ಪಿತ್ತು. ಬಿಸಿ ಆರಬಾರದೆಂದು ಹಂಚಿನಿಂದ ನೇರವಾಗಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದೆವು. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಇಳಿದು ಮೇಲಿನ ಚಪಾತಿ ತೊಯ್ದ ಕಾಗದದಂತಾಗುತ್ತಿತ್ತು, ಅಂಚುಗಳು ಮಾತ್ರ ಒಣಗಿರುತ್ತಿದ್ದವು. ಈಗ ಬಿದಿರಿನ ಬುಟ್ಟಿಯಲ್ಲಿ ಒಂದೊಂದನ್ನೂ ಅರ್ಧ ನಿಮಿಷ ಹರವಿ, ಆಮೇಲೆ ಹಳೆಯ ಪಂಚೆಯನ್ನು ಕುದಿಸಿ ಒಗೆದು ಒಣಗಿಸಿದ ತುಂಡಿನಲ್ಲಿ ಒಂದರ ಮೇಲೊಂದು ಪೇರಿಸಿ ಸುತ್ತಿಡುತ್ತೇವೆ. ಹೆಚ್ಚಿನ ಹಬೆಯನ್ನು ಬಟ್ಟೆ ಹೀರುತ್ತದೆ, ಉಳಿದದ್ದು ಚಪಾತಿಯಲ್ಲೇ ಉಳಿಯುತ್ತದೆ. ಉಗುರುಬೆಚ್ಚಗಾದ ಮೇಲೆ ಡಬ್ಬಿಗೆ. ಅರಿಶಿನದ ಕಲೆಯಿಂದ ಆ ಪಂಚೆಗಳು ಈಗ ಮದುವೆ ಮನೆಯ ಬಟ್ಟೆಗಳಂತೆ ಕಾಣುತ್ತವೆ.

ಒಬ್ಬ ಗಿರಾಕಿ ಮಿಕ್ಕ ಚಪಾತಿಯನ್ನು ಫ್ರಿಜ್ಜಿನಲ್ಲಿಟ್ಟು ರಾತ್ರಿ ತಣ್ಣಗೇ ತಿಂದು, ರಟ್ಟಾಗಿದೆ ಎಂದು ದೂರಿದರು. ಅದಕ್ಕೆ ಮಾತ್ರ ನಾನು ತಲೆಬಾಗಲಿಲ್ಲ. ಬೆಂದ ಪಿಷ್ಟ ಮತ್ತೆ ಗಟ್ಟಿಯಾಗುವುದು ಹೊರಗಿಗಿಂತ ಫ್ರಿಜ್ಜಿನ ತಂಪಿನಲ್ಲೇ ಬೇಗ. ನೀರು ಸವರಿ ಹಂಚಿನ ಮೇಲೆ ಒಮ್ಮೆ ಬಿಸಿ ಮಾಡಿದರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ ಎಂದು ಹೇಳಿಕಳಿಸಿದೆ. ಪ್ರಯಾಣಕ್ಕೆ ಒಯ್ಯಲು ಕೇಳುವವರಿಗೆ ಬೇರೆಯದೇ ಕಣಕ. ಗುಜರಾತಿನವರು ಥೇಪ್ಲಾ ಮಾಡುವ ರೀತಿಯಲ್ಲಿ ನೀರನ್ನು ಬಿಟ್ಟು ಮೊಸರಿನಲ್ಲೇ ಕಲಸಿ, ಎಣ್ಣೆ ಸ್ವಲ್ಪ ಹೆಚ್ಚಾಗಿಯೇ ಹಾಕಿ, ಪೂರ್ತಿ ಆರಿದ ಮೇಲೆ ಕಟ್ಟಿಕೊಡುತ್ತೇನೆ.

ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಇಪ್ಪತ್ತೊಂದನೆಯ ಡಬ್ಬಿಯೊಂದಿದೆ. ಕಾಕು ಅದಕ್ಕೆ ಸಾಕ್ಷಿ ಡಬ್ಬಿ ಎಂದು ಹೆಸರಿಟ್ಟಿದ್ದಾರೆ. ಮೂರೂ ಸರದಿಯ ಒಂದೊಂದು ಚಪಾತಿ ಅದರಲ್ಲಿ ಹೋಗುತ್ತದೆ, ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂರುತ್ತದೆ. ಒಂದೂವರೆಗೆ ನಾವಿಬ್ಬರೂ ಕುಳಿತು ಅದನ್ನೇ ಊಟ ಮಾಡುತ್ತೇವೆ, ಬೇರೆ ಬಿಸಿ ಚಪಾತಿ ಮಾಡಿಕೊಳ್ಳುವುದಿಲ್ಲ. ಫೋನು ಆಗ ಒಳಕೋಣೆಯಲ್ಲಿರುತ್ತದೆ. ಕಾಕು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ನಿಲ್ಲಿಸಿದ್ದ ಮೂವರಲ್ಲಿ ಇಬ್ಬರು ಮರಳಿ ಬಂದಿದ್ದಾರೆ.

ಈ ಬುಧವಾರದ ಸಾಲು ಹೀಗಿದೆ: ಮೊದಲನೆಯದು ಸರಿ, ಎರಡನೆಯದು ಸರಿ, ಮೂರನೆಯದರಲ್ಲಿ ಓಮ ಮರೆತಿದೆ.