ತಿರುವಿನ ಯಾವ ಭಾಗದಲ್ಲಿ? ಸ್ವಿಫ್ಟ್ ಕಾರನ್ನು ಟ್ರ್ಯಾಕಿಗೆ ಸಜ್ಜುಗೊಳಿಸುವ ಮೊದಲು ಕೇಳಬೇಕಾದ ಪ್ರಶ್ನೆ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲೋ ಕಾರು ಓಡಿಸಿ ಬೆಂಗಳೂರಿನ ನಮ್ಮ ಗ್ಯಾರೇಜಿಗೆ ಬರುವವರ ದೂರು ಬಹುತೇಕ ಒಂದೇ: “ಸರ್, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಎಳೆಯುತ್ತದೆ.” ಅಂಡರ್‌ಸ್ಟಿಯರ್ ಎಂದು ಕರೆಯುವ ಈ ತೊಂದರೆಗೆ ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು, ಕಾರನ್ನು ಇನ್ನಷ್ಟು ತಗ್ಗಿಸಬೇಕು ಎಂದು ಹಲವರು ಮೊದಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನಾನು ಅವರನ್ನು ಕೇಳುವುದು ಒಂದೇ ಪ್ರಶ್ನೆ: ಬ್ರೇಕ್ ಹಿಡಿದು ತಿರುವಿಗೆ ಇಳಿಯುವಾಗ ಹೀಗಾಗುತ್ತದೆಯೇ, ತಿರುವಿನ ನಡುವೆಯೇ, ಅಥವಾ ಆಕ್ಸಿಲರೇಟರ್ ಒತ್ತಿ ಹೊರಬರುವಾಗಲೇ? ಮೂರಕ್ಕೂ ಕಾರಣಗಳು ಬೇರೆ ಬೇರೆ, ಆದ್ದರಿಂದ ಮಾಡಬೇಕಾದ ಕೆಲಸವೂ ಬೇರೆ.

ಮುಂದಿನ ಚಕ್ರಗಳಿಂದ ಓಡುವ ಸಣ್ಣ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಮುಂದೆಯೇ ಇರುವುದರಿಂದ ತೂಕದ ಸುಮಾರು 60 ಶೇಕಡಾ ಮುಂದಿನ ಎರಡು ಟೈರುಗಳ ಮೇಲೆ ಬೀಳುತ್ತದೆ. ಕಾರನ್ನು ಎಳೆಯುವುದು, ತಿರುಗಿಸುವುದು, ನಿಲ್ಲಿಸುವ ಕೆಲಸದಲ್ಲಿ ಬಹುಪಾಲು, ಎಲ್ಲವೂ ಆ ಎರಡು ಟೈರುಗಳದ್ದೇ. ಟೈರಿನ ಹಿಡಿತಕ್ಕೆ ಮಿತಿಯಿದೆ. ತಡವಾಗಿ ಜೋರಾಗಿ ಬ್ರೇಕ್ ಒತ್ತಿ, ಅದೇ ಕ್ಷಣದಲ್ಲಿ ಸ್ಟಿಯರಿಂಗನ್ನೂ ತಿರುಗಿಸಿದರೆ, ಬ್ರೇಕಿಗೆ ಖರ್ಚಾಗಿ ಉಳಿದಷ್ಟು ಹಿಡಿತ ಮಾತ್ರ ತಿರುಗಲು ಸಿಗುತ್ತದೆ. ಆದ್ದರಿಂದ ತಿರುವಿಗೆ ಇಳಿಯುವಾಗಿನ ಅಂಡರ್‌ಸ್ಟಿಯರಿಗೆ ಅನೇಕ ಸಲ ಬ್ರೇಕನ್ನು ಸ್ವಲ್ಪ ಮೊದಲು ಹಿಡಿದು ನಿಧಾನವಾಗಿ ಬಿಡುವ ಅಭ್ಯಾಸವೇ ಸಾಕಾಗುತ್ತದೆ, ಮತ್ತು ಅದಕ್ಕೆ ಗ್ಯಾರೇಜಿನ ಬಿಲ್ಲು ಬೇಕಾಗಿಲ್ಲ.

ತಿರುವಿನ ನಡುವೆ ಮುಂಭಾಗ ಜಾರುತ್ತಿದ್ದರೆ ನಾನು ಮೊದಲು ನೋಡುವುದು ಕ್ಯಾಂಬರನ್ನು, ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಎಂಬುದನ್ನು. ಸ್ವಿಫ್ಟ್‌ನ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್ ಬಗೆಯದು: ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಚಕ್ರವನ್ನು ಹಿಡಿದಿರುತ್ತವೆ. ಕಾರು ವಾಲಿದಂತೆ ಹೊರಗಿನ ಚಕ್ರವೂ ಹೊರಕ್ಕೆ ವಾಲುತ್ತದೆ, ಆಗ ಭಾರವೆಲ್ಲ ಟೈರಿನ ಹೊರ ಅಂಚಿನ ಮೇಲೆ ಕೂರುತ್ತದೆ. ಶೋರೂಮಿನಿಂದ ಬಂದ ಕಾರಿನಲ್ಲಿ ಕ್ಯಾಂಬರ್ ಹೆಚ್ಚುಕಡಿಮೆ ಸೊನ್ನೆಯಾಗಿರುತ್ತದೆ. ಸ್ಟ್ರಟ್ಟನ್ನು ನಕಲ್‌ಗೆ, ಅಂದರೆ ಚಕ್ರವನ್ನು ಹೊತ್ತ ಭಾಗಕ್ಕೆ, ಜೋಡಿಸುವ ಬೋಲ್ಟಿನ ಜಾಗದಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿದರೆ ಚಕ್ರದ ಮೇಲ್ತುದಿಯನ್ನು ಒಂದೂವರೆ ಡಿಗ್ರಿಯಷ್ಟು ಒಳಕ್ಕೆ ವಾಲಿಸಬಹುದು; ಟ್ರ್ಯಾಕಿಗೆ ಎರಡರಿಂದ ಎರಡೂವರೆ ಡಿಗ್ರಿ ಬೇಕೆನಿಸಿದರೆ ಮೇಲಿನ ಮೌಂಟನ್ನೂ ಬದಲಿಸಬೇಕಾಗುತ್ತದೆ. ಎಷ್ಟು ಬೇಕೆಂಬುದನ್ನು ಟೈರೇ ಹೇಳುತ್ತದೆ. ಓಡುವ ಮೊದಲು ಟೈರಿನ ಪಕ್ಕದ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತೇವೆ. ಕಾರು ಪಿಟ್ಟಿಗೆ ಬಂದು ನಿಂತ ಕೂಡಲೇ, ಟೈರು ಆರುವ ಮೊದಲೇ, ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ರಬ್ಬರಿಗೆ ಥರ್ಮಾಮೀಟರಿನ ಸೂಜಿ ಚುಚ್ಚಿ ಶಾಖ ಅಳೆಯುತ್ತೇವೆ. ಹೊರ ಅಂಚು ಉಳಿದೆರಡಕ್ಕಿಂತ ತುಂಬ ಬಿಸಿಯಾಗಿದ್ದು ಸೀಮೆಸುಣ್ಣವೂ ಪಕ್ಕದ ಗೋಡೆಯ ತನಕ ಉಜ್ಜಿಹೋಗಿದ್ದರೆ ಕ್ಯಾಂಬರ್ ಸಾಲದು ಅಥವಾ ಗಾಳಿ ಕಡಿಮೆ. ನಡುಭಾಗವೇ ಬಿಸಿಯಾಗಿದ್ದರೆ ಗಾಳಿ ಹೆಚ್ಚು. ಈ ಅಳತೆಯನ್ನು ಪುಸ್ತಕದಲ್ಲಿ ಬರೆದಿಡದೆ ಮುಂದಿನ ಬದಲಾವಣೆಗೆ ಕೈಹಾಕಲು ನಾನು ನಮ್ಮ ಹುಡುಗರಿಗೆ ಬಿಡುವುದಿಲ್ಲ, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ.

ಕಾರನ್ನು ಅತಿಯಾಗಿ ತಗ್ಗಿಸುವ ಆಸೆಯನ್ನು ಇಲ್ಲಿಯೇ ತಡೆಯಬೇಕು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರು 25–30 ಮಿಲಿಮೀಟರಿಗಿಂತ ಹೆಚ್ಚು ತಗ್ಗಿದರೆ, ಚಕ್ರವನ್ನು ಕಾರಿನ ಅಡಿಭಾಗಕ್ಕೆ ಜೋಡಿಸುವ ಕೆಳಗಿನ ತೋಳು ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ರೋಲ್ ಸೆಂಟರ್, ಕಾರಿನ ಭಾರಕೇಂದ್ರಕ್ಕಿಂತಲೂ ಬೇಗ ಕೆಳಗಿಳಿಯುತ್ತದೆ. ನೋಡಲು ನೆಲಕ್ಕೆ ಅಂಟಿದಂತಿರುವ ಆ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಲು ಹೊರಡುತ್ತದೆ, ಉಬ್ಬುತಗ್ಗಿನಲ್ಲಿ ಸ್ಟಿಯರಿಂಗೂ ತಾನಾಗಿ ಅಲುಗುತ್ತದೆ.

ಮುಂಭಾಗ ಸರಿಯಾದ ಬಳಿಕ ನಮ್ಮ ಗಮನ ಹಿಂಭಾಗಕ್ಕೆ. ಅಲ್ಲಿರುವುದು ಟಾರ್ಷನ್ ಬೀಮ್, ಎಡಬಲ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡತೊಲೆ. ಅದಕ್ಕೆ ಕಾರು ವಾಲುವುದನ್ನು ತಡೆಯುವ ಸರಳು, ಆಂಟಿ ರೋಲ್ ಬಾರ್, ಜೋಡಿಸಿ ಬಿಗಿ ಮಾಡಿದರೆ ತಿರುವಿನಲ್ಲಿ ಭಾರ ಹೊರಕ್ಕೆ ಸರಿಯುವ ಪಾಲು ಹಿಂದೆ ಹೆಚ್ಚಿ, ಮುಂದೆ ಕಡಿಮೆಯಾಗುತ್ತದೆ. ಮುಂದಿನ ಒಳಚಕ್ರ ನೆಲವನ್ನು ಇನ್ನೂ ಚೆನ್ನಾಗಿ ಒತ್ತಿ ಹಿಡಿಯುವುದರಿಂದ, ತಿರುವಿನಿಂದ ಹೊರಬರುವಾಗ ಆ ಚಕ್ರ ಸುಮ್ಮನೆ ಸುತ್ತುವ ತೊಂದರೆಯೂ ತಗ್ಗುತ್ತದೆ. ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸುವಷ್ಟು ಹಣ ಇಲ್ಲದವರಿಗೆ ಇದೇ ದೊಡ್ಡ ನೆರವು. ಹಿಂದಿನ ಒಳಚಕ್ರ ನೆಲ ಬಿಟ್ಟು ಮೇಲೇಳುವುದನ್ನು ಫೋಟೋದಲ್ಲಿ ಕಂಡು ಗಾಬರಿಪಡುವವರಿದ್ದಾರೆ. ಇಂತಹ ಕಾರಿನಲ್ಲಿ ಅದು ಸಹಜ. ಆದರೆ ಚಕ್ರ ಎದ್ದ ಮೇಲೆ ಹಿಂಭಾಗದಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಸರಿಯಲು ಭಾರವೇ ಉಳಿದಿರುವುದಿಲ್ಲ, ಆದ್ದರಿಂದ ಅಲ್ಲಿಂದ ಮುಂದೆ ಬಾರನ್ನು ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ.

ಗಡಿಯಾರದ ವಿರುದ್ಧ ಒಂದೊಂದೇ ಕಾರು ಓಡುವ ಚಿಕ್ಕ ಓಟ, ಆಟೋಕ್ರಾಸ್, ಬೇರೆಯೇ ಲೆಕ್ಕ. ನಮ್ಮ ಕಡೆ ಅದು ಬಹುಮಟ್ಟಿಗೆ ಮಣ್ಣಿನ ಮೈದಾನದಲ್ಲಿ ನಡೆಯುತ್ತದೆ. ಅಲ್ಲಿ ಕಾರನ್ನು ತಗ್ಗಿಸಬಾರದು, ಸ್ಪ್ರಿಂಗ್ ಮೆತ್ತಗಿರಬೇಕು, ಎಂಜಿನ್ ಕೆಳಗೆ ಅದನ್ನು ಕಾಯುವ ತಗಡು, ಸಂಪ್ ಗಾರ್ಡ್, ಇರಲೇಬೇಕು. ಓಟ ಚಿಕ್ಕದಾದ್ದರಿಂದ ಟೈರು ಕಾದು ಗಾಳಿಯ ಒತ್ತಡ ಏರಲು ಸಮಯವಿರುವುದಿಲ್ಲ, ಹೀಗಾಗಿ ಬೇಕಾದಷ್ಟನ್ನು ಮೊದಲೇ ಹಿಡಿಸಿಕೊಳ್ಳಬೇಕು. ಡಾಂಬರಿನ ಟ್ರ್ಯಾಕಿನಲ್ಲಿ ಇದಕ್ಕೆ ತದ್ವಿರುದ್ಧ: 28–30 ಪಿಎಸ್‌ಐಯಿಂದ ಆರಂಭಿಸಿ, ಬಿಸಿಯಾದ ಮೇಲೆ ಅಳೆದು ಹೆಚ್ಚಾದದ್ದನ್ನು ಬಿಡುತ್ತೇವೆ. ಕಿರಿದಾದ ತಿರುವುಗಳಲ್ಲಿ ಹಿಂಭಾಗ ಬೇಗ ಸುತ್ತಿಕೊಳ್ಳಲೆಂದು ಹಿಂದಿನ ಚಕ್ರಗಳಿಗೆ ಕೊಡುವ ಟೋ-ಔಟನ್ನು (ಚಕ್ರಗಳ ಮುಂತುದಿ ತುಸು ಹೊರಕ್ಕೆ ತಿರುಗಿರುವುದನ್ನು) ಇರುಂಗಾಟ್ಟುಕೋಟ್ಟೈಯ ವೇಗದ ತಿರುವುಗಳಿಗೆ ಕೊಂಡೊಯ್ಯುವುದು ಅಪಾಯಕಾರಿ.

ಬ್ರೇಕ್ ಆಯಿಲನ್ನು ಮಾತ್ರ ದೂರು ಇದ್ದರೂ ಇಲ್ಲದಿದ್ದರೂ ಬದಲಿಸುತ್ತೇನೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯಿಂದ ತೇವ ಹೀರಿಕೊಂಡ ಮೇಲೆ ಆ ಖಾತರಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಪಿಟ್ಟಿಗೆ ಮರಳಿದವರು ಬಿಸಿ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ, ಕಾರನ್ನು ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಬೇಕು.

ಹಿಂಭಾಗ ಬಿಗಿ ಮಾಡಿದ ಕಾರನ್ನು ಒಪ್ಪಿಸುವಾಗ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ತಿರುವಿನ ನಡುವೆ ಹೆದರಿ ಆಕ್ಸಿಲರೇಟರನ್ನು ಥಟ್ಟನೆ ಬಿಡಬೇಡಿ. ಬಿಟ್ಟರೆ ಭಾರ ಮುಂದಕ್ಕೆ ಸರಿದು, ಹಗುರಾದ ಹಿಂಭಾಗ ಹೊರಕ್ಕೆ ಎಸೆದುಕೊಳ್ಳುತ್ತದೆ. ಮಳೆ ಬಂದರೆ ಹಿಂದಿನ ಬಾರನ್ನು ಸಡಿಲ ಮಾಡಿ ಅಥವಾ ಕಳಚಿಯೇ ಬಿಡಿ. ನಾಲ್ಕರಲ್ಲಿ ಚೆನ್ನಾಗಿರುವ ಎರಡು ಟೈರುಗಳನ್ನು ಹಿಂದಕ್ಕೇ ಹಾಕಿ.